ಹೊಗೆ ಮುಟ್ಟದ ತಟ್ಟೆ

ಏನೂ ಮಾಡದೆ ಸುಮ್ಮನೆ ಇಟ್ಟ ಜೀವಕೋಶಗಳು ಸಾಯಬಾರದು. ನಮ್ಮ ಕೆಲಸ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಒಂದು ತಟ್ಟೆಯ ಕೋಶಗಳಿಗೆ ಸಿಗರೇಟಿನ ಹೊಗೆ ಕುಡಿಸುತ್ತೇವೆ, ಪಕ್ಕದ ತಟ್ಟೆಗೆ ಕುಡಿಸುವುದಿಲ್ಲ. ಎರಡನ್ನೂ ಹೋಲಿಸಿ, ಇಷ್ಟು ಹಾನಿ ಹೊಗೆಯದು ಎಂದು ಹೇಳುತ್ತೇವೆ. ಆ ಶುಕ್ರವಾರ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಹೊಗೆ ಮುಟ್ಟದ ತಟ್ಟೆಯಲ್ಲೂ ನೀಲಿ ಚುಕ್ಕೆಗಳು! ನಾವು ಹಾಕುವ ನೀಲಿ ಬಣ್ಣವನ್ನು ಬದುಕಿರುವ ಕೋಶ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಬಿಟ್ಟುಕೊಳ್ಳುತ್ತದೆ. ಅಂದರೆ ಸಾಯಬಾರದವು ಸತ್ತಿದ್ದವು. ಯಾ ಅಲ್ಲಾ, ಇದೇನಿದು ಅಂತ ಖುರ್ಚಿಯಲ್ಲಿ ಹಿಂದಕ್ಕೆ ಒರಗಿದೆ.

ನಮ್ಮ ಲ್ಯಾಬು ಆಳಂದದ ಹೊರಗೆ ಒಂದು ಹಳೇ ದಾಲ್ ಮಿಲ್ಲಿನ ಕಟ್ಟಡದಲ್ಲಿದೆ. ಮಿಲ್ಲಿನ ಮಾಲೀಕರ ಮಗ ದೂರದಲ್ಲಿ ಓದಿ ಬಂದು, ಬೇಳೆ ಒಡೆಯುವ ಯಂತ್ರ ಮಾರಿ, ಅಲ್ಲೇ ಲ್ಯಾಬು ತೆರೆದರು. ಅವರೇ ನಮ್ಮ ಸರ್. ಹಣೆ ಮೇಲೆ ವಿಭೂತಿ ಇಲ್ಲದೆ ಅವರು ಗೇಟಿನೊಳಗೆ ಬಂದದ್ದನ್ನು ನಾನು ನೋಡಿಲ್ಲ. ನಾನು ಅಫಜಲಪುರದವಳು. ವಾರವೆಲ್ಲ ಆಳಂದದಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಬಸ್ಸು ಹತ್ತಿ ಊರು. ನನ್ನದು ಹುಟ್ಟು ಅನುಮಾನ. ಹಾಲಿನವನು ಅತ್ತ ಹೋದ ಮೇಲೆ ಉಗುರಿನ ಮೇಲೆ ಹನಿ ಬಿಟ್ಟು, ನೀರು ಎಷ್ಟು ಬೆರೆಸಿದ್ದಾನೆ ಅಂತ ನೋಡುವವಳು ನಾನು. "ನಿನ್ನ ಕೈಯಾಗ ಕೂಸು ಕೊಟ್ರೂ ಇದು ಇವರದೇ ಹೌದೋ ಅಲ್ಲೋ ಅಂತ ಕೇಳ್ತಿ" ಅಂತ ಅಮ್ಮಿ ಬೈಯುತ್ತಿದ್ದಳು. ಈ ಗುಣ ಮನೆಯಲ್ಲಿ ಜಗಳ ತಂದಿದೆ, ಲ್ಯಾಬಿನಲ್ಲಿ ಅನ್ನ ಕೊಟ್ಟಿದೆ.

ಮೂರನೆಯವರು ಅಟೆಂಡರ್ ಕಾಕಾ. ಜೇವರ್ಗಿಯವರು, ವಾರವೆಲ್ಲ ಆಳಂದದಲ್ಲಿ ಒಂದಿಷ್ಟು ಹುಡುಗರ ಜೊತೆ ಕೋಣೆ ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಏಜೆನ್ಸಿಯ ಮೂಲಕ ಬಂದ ಗುತ್ತಿಗೆ ನೌಕರಿ. ಹೆಂಡತಿಗೆ ಎರಡೂ ಕಣ್ಣಿಗೆ ಪೊರೆ ಬಂದು ಹೊಲದ ಕೂಲಿಗೆ ಹೋಗುವುದು ನಿಂತಿತ್ತು, ಮಕ್ಕಳಿಲ್ಲ, ಮನೆ ನಡೆಯುತ್ತಿದ್ದದ್ದು ಈ ಒಂದು ನೌಕರಿಯಿಂದ. ಕೊರಳಲ್ಲಿ ಲಿಂಗ, ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು. ಎರಡೂ ಒಂದೇ ಕಡೆ ಇಟ್ಟುಕೊಂಡೀರಲ್ಲ ಅಂತ ನಾನು ಕಾಡಿಸಿದರೆ, "ಒಂದು ಮ್ಯಾಲಿಂದು, ಒಂದು ಕೆಳಗಿಂದು ನೋಡ್ಕೋತಾವ್ರಿ ಮೇಡಂ" ಅಂತ ನಗುತ್ತಿದ್ದರು.

ಹೊಗೆ ತೆಗೆಯುವ ಕೆಲಸದಲ್ಲಿ ಕಾಕಾ ನನ್ನ ಜೊತೆ ನಿಲ್ಲುತ್ತಿದ್ದರು. ಸಿಗರೇಟನ್ನು ಗಾಜಿನ ಕೊಳವೆಯ ಬಾಯಿಗೆ ಸಿಕ್ಕಿಸಿ ಹಚ್ಚಬೇಕು. ಪಂಪು ಮನುಷ್ಯ ಸೇದುವ ಹಾಗೆಯೇ, ಒಂದು ದಮ್ಮು ಎಳೆದು, ಬಿಟ್ಟು, ಮತ್ತೊಂದು ಎಳೆಯುತ್ತದೆ. ಆ ಹೊಗೆ ಕೋಶಗಳು ಉಣ್ಣುವ ಕೆಂಪು ದ್ರವದೊಳಗೆ ಗುಳುಗುಳು ಅಂತ ಹಾಯುತ್ತದೆ. ದ್ರವದ ಬಣ್ಣ ಕೆಡುತ್ತದೆ. ನಾವಿಬ್ಬರೂ ಅದಕ್ಕೆ ಹೊಗೆನೀರು ಅನ್ನುತ್ತಿದ್ದೆವು. ಅದನ್ನು ಸೋಸಿ ಬೇಗ ಬೇಗ ಕೋಶಗಳ ಮೇಲೆ ಹಾಕಬೇಕು, ಯಾಕೆಂದರೆ ಹೊಗೆಯಲ್ಲಿರುವ ಅತಿ ಚುರುಕಿನ ರಾಸಾಯನಿಕಗಳು ಕಾಯುವುದಿಲ್ಲ. ಸಿಕ್ಕದ್ದಕ್ಕೆ ಅಂಟಿಕೊಂಡು ಮುಗಿದೇ ಹೋಗುತ್ತವೆ. ಅವುಗಳಲ್ಲಿ ಅಕ್ರೋಲೀನ್ ಅನ್ನುವುದು ಭಾರಿ ಖೋಡಿ. ಒಗ್ಗರಣೆಯ ಎಣ್ಣೆ ಕರಕಲಾದಾಗ ಕಣ್ಣು ಉರಿಯುತ್ತದಲ್ಲ, ಅಲ್ಲಿ ಇರುವುದೂ ಅದೇ. ಕೋಶದೊಳಗೆ ಇಂಥವನ್ನು ಹಿಡಿದು ಸುಮ್ಮನಾಗಿಸಲಿಕ್ಕೆ ಗ್ಲುಟಥಯೋನ್ ಎಂಬ ಒಂದು ದಾಸ್ತಾನು ಇರುತ್ತದೆ. ಅಕ್ರೋಲೀನ್ ಬಂದಷ್ಟೂ ದಾಸ್ತಾನು ಖಾಲಿಯಾಗುತ್ತದೆ. ಖಾಲಿಯಾದ ಮೇಲೆ ಅದು ಕೋಶದ ಪ್ರೋಟೀನಿಗೆ, ಕಡೆಗೆ ಡಿಎನ್ಎಗೂ ಹೋಗಿ ಅಂಟುತ್ತದೆ.

ಶುಕ್ರವಾರದ ಆ ನೀಲಿ ಚುಕ್ಕೆಗಳಿಗೆ ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಆಮೇಲೆ ನೀರನ್ನು, ಸೀರಮ್ಮನ್ನು, ತಟ್ಟೆಗಳನ್ನು. ಕೋಶಗಳನ್ನು ಬೆಚ್ಚಗೆ ಇಡುವ ಇನ್‌ಕ್ಯುಬೇಟರಿನ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದೆ. ಸೋಂಕು ತಗುಲಿದೆಯೇನೋ ಅಂತ ಬಣ್ಣ ಹಾಕಿ ನೋಡಿದೆ. ಎಲ್ಲ ಬರೋಬರ್ ಇತ್ತು, ಆದರೂ ಮುಂದಿನ ಶುಕ್ರವಾರಗಳಲ್ಲೂ ಕೋಶ ಸತ್ತವು. ಕೊನೆಗೆ ಹೊಗೆ ಮುಟ್ಟದ ಕೋಶಗಳ ಗ್ಲುಟಥಯೋನ್ ಅಳೆದೆ. ಅರ್ಧಕ್ಕರ್ಧ ಇಳಿದಿತ್ತು! ಸೋಂಕಾಗಿದ್ದರೆ, ನೀರು ಕೆಟ್ಟಿದ್ದರೆ, ಈ ತರಹ ಈ ವೇಗದಲ್ಲಿ ಇಳಿಯುವುದಿಲ್ಲ. ಯಾವುದೋ ಹೊಗೆ ಇವುಗಳನ್ನು ಮುಟ್ಟಿತ್ತು. ಅಂದರೆ ಕೋಶದ ಕೋಣೆಯಲ್ಲಿ ಯಾರೋ ಸೇದಿದ್ದರು.

ಯಾರು? ಸರ್ ಸೇದುವುದಿಲ್ಲ. ನಾನಂತೂ ಇಲ್ಲ.

ನನ್ನ ತಲೆ ಓಡಿದ ರೀತಿ ನೋಡಿ. ಮೊದಲು ಇನ್‌ಕ್ಯುಬೇಟರ್ ಮಾಳಿಗೆಯ ಮೇಲಿತ್ತು. ಚಾವಣಿ ಸೋರಲು ಶುರುವಾಗಿ ಅದನ್ನು ಕೆಳಗೆ, ಮಿಲ್ಲಿನ ಕಾಲದ ಗಾದಿ ಕೋಣೆಗೆ ಇಳಿಸಿದೆವು. ಸರ್ ಅವರ ತಂದೆ ಗಾದಿ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದ ಕೋಣೆ ಅದು. ಆ ಕೋಣೆ ಒರೆಸುವ ಕೆಲಸ ಆಗಿನಿಂದ ಕಾಕಾಗೆ ಬಂತು. ಕೋಶ ಸಾಯಲು ಶುರುವಾದದ್ದೂ ಆಗಿನಿಂದ. ಅದೂ ಮಂಗಳವಾರ ಬುಧವಾರ ಚೆನ್ನಾಗಿರುತ್ತಿದ್ದವು, ಕೆಡುತ್ತಿದ್ದದ್ದು ಶುಕ್ರವಾರ. ಗುರುವಾರ ಸಂಜೆ ನಮ್ಮಲ್ಲಿ ಕೆಲಸ ಬೇಗ ಮುಗಿಯುತ್ತದೆ. ಬೇವಿನ ಮರದ ಕೆಳಗೆ ಚಾ ಕುಡಿಯುತ್ತೇವೆ. ಮಿಲ್ಲಿನ ಕಾಲದಿಂದ ಬರುವ ಲೋಬಾನದ ಬಾಬಾ ನವಿಲುಗರಿ ಬೀಸುತ್ತ ಒಂದು ಸುತ್ತು ಹಾಕಿ ಹೋಗುತ್ತಾನೆ. ನಾನು ನನ್ನ ಕೋಣೆಗೆ ಹೊರಡುತ್ತೇನೆ. ಕಾಕಾ ಕೀಲಿ ತೆಗೆದು ಕೋಶದ ಕೋಣೆ ಒರೆಸುತ್ತಾರೆ. ಒರೆಸುವ ನೆವದಲ್ಲಿ ಎಸಿ ಗಾಳಿಗೆ ಕೂತು ಒಂದು ಬೀಡಿ. ಮತ್ತೇನು ಬೇಕು?

"ಕಾಕಾ, ಕೋಶದ ಕೋಣ್ಯಾಗ ಯಾರರ ಬೀಡಿ ಸೇದಾಕತ್ತಾರೇನ್ರಿ?" ಅಂತ ಶನಿವಾರ ಮಧ್ಯಾಹ್ನ ಕೇಳಿದೆ.

ಕಾಕಾ ಉತ್ತರ ಕೊಡುವ ಮೊದಲು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಿಕ್ಕಿದೆಯಪ್ಪಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಒಳಗ ಯಾಕ ಸೇದ್ಲಿರಿ ಮೇಡಂ? ಸೇದಿದ್ರ ಗೇಟಿನ ಹೊರಗ" ಅಂದರು.

"ಹಂಗಾರ ಬರ್ರಿ ಇಲ್ಲಿ" ಅಂತ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದೆ. ಹೊಗೆನೀರು ಕುಡಿದ ಕೋಶಗಳ ತಟ್ಟೆ ಇಟ್ಟೆ. ಮೊದಲು ಅವರಿಗೆ ತಮ್ಮ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಕಂಡವು.

"ಇವು ಎದಿಯಾಗಿನವು ಏನ್ರಿ?"

"ಎದಿಯ ಒಳಪದರದ್ದು. ನಿಮ್ಮ ಎದಿಯಾಗೂ ಇಂಥವೇ ಅವ."

"ನೀಲಿ ಆದವು ತಿರಗಿ ಬೆಳ್ಳಗ ಆಗೂದಿಲ್ಲೇನ್ರಿ?"

"ಸತ್ತವು ಹ್ಯಾಂಗ ಎದ್ದು ಬರ್ತಾವ ಕಾಕಾ? ಹೊಗಿ ನಿಂತರ ಹೊಸವು ಹುಟ್ತಾವ, ಅಷ್ಟ."

ಕಾಕಾ ಇನ್ನೊಮ್ಮೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ. ಎದ್ದು ಪೊರಕೆ ತೆಗೆದುಕೊಂಡು ಹೋದರು. ಆ ಮೌನವನ್ನೂ ನಾನು ಕಳ್ಳನ ಮೌನ ಅಂತಲೇ ಓದಿದೆ.

ಸೋಮವಾರದಿಂದ ಒಂದು ನಿಯಮ ತಂದೆ. ಕೋಶದ ಕೋಣೆಗೆ ಕಾಲಿಡುವ ಮೊದಲು ಕಾಕಾ ಹೊಸ್ತಿಲಲ್ಲಿ ನಿಂತು ನನ್ನ ಕಡೆ ಹಾ ಅಂತ ಉಸಿರು ಬಿಡಬೇಕು. ಸೇದಿದವರ ಉಸಿರಲ್ಲಿ, ಬಟ್ಟೆಯಲ್ಲಿ ಹೊಗೆಯ ರಾಸಾಯನಿಕ ಉಳಿದಿರುತ್ತದೆ ಅಂತ ಕಾರಣ ಕೊಟ್ಟೆ. ಕಾರಣ ಸುಳ್ಳಲ್ಲ. ಆದರೆ ನಡೆಸಿದ ರೀತಿ ಕುಡುಕ ಡ್ರೈವರನನ್ನು ಹಿಡಿಯುವ ಪೊಲೀಸರದು. ನನಗಿಂತ ಇಪ್ಪತ್ತು ವರ್ಷ ಹಿರಿಯ ಮನುಷ್ಯ ದಿನಾ ಬೆಳಿಗ್ಗೆ ಬಾಯಿ ತೆಗೆದು ನಿಲ್ಲುತ್ತಿದ್ದರು. ದಿನಾ ನನಗೆ ಬೀಡಿ ವಾಸನೆ ಬರುತ್ತಿತ್ತು. "ಬರ್ತದ ಕಾಕಾ, ವಾಸನಿ ಬರ್ತದ. ಬಾಯಿ ಮುಕ್ಕಳಿಸಿ ಬರ್ರಿ" ಅನ್ನುತ್ತಿದ್ದೆ. ಹೋಗಿ ಮುಕ್ಕಳಿಸಿ ಬಂದು ಮತ್ತೆ ನಿಲ್ಲುತ್ತಿದ್ದರು.

ಮೂಗಿನ ಸಾಕ್ಷಿ ಲ್ಯಾಬಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಬಲೆ ಹಾಕಿದೆ. ಷಿಫ್ ದ್ರಾವಣ ಅಂತ ಇದೆ, ಬಣ್ಣವಿಲ್ಲದ್ದು. ಅಕ್ರೋಲೀನ್ ಸೇರಿದ ಆಲ್ಡಿಹೈಡ್ ಗುಂಪಿನ ರಾಸಾಯನಿಕ ತಾಗಿದರೆ ಜಾಂಬಳ, ಅಂದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸಣ್ಣ ಗಾಜಿನ ಬಟ್ಟಲಲ್ಲಿ ಸುರಿದು ಇನ್‌ಕ್ಯುಬೇಟರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟೆ. ಸುಮ್ಮನೆ ಗಾಳಿಗೆ ಇಟ್ಟರೂ ನಿಧಾನಕ್ಕೆ ಗುಲಾಬಿಯಾಗುವ ದುರ್ಗುಣ ಈ ದ್ರಾವಣಕ್ಕಿದೆ. ಅದಕ್ಕೆ ಹೋಲಿಸಲಿಕ್ಕೆ ಇನ್ನೊಂದು ಬಟ್ಟಲು ಮಾಳಿಗೆಯ ಪುಸ್ತಕದ ಕೋಣೆಯಲ್ಲಿಟ್ಟೆ. ದಿನಾ ಸಂಜೆ ಎರಡನ್ನೂ ಬದಲಿಸಿದೆ. ಸೋಮವಾರದಿಂದ ಬುಧವಾರದ ತನಕ ಎರಡೂ ಒಂದೇ ಥರ, ನಸುಗುಲಾಬಿ. ಶುಕ್ರವಾರ ಬೆಳಿಗ್ಗೆ ಮಾಳಿಗೆಯದು ನಸುಗುಲಾಬಿ, ಕೋಶದ ಕೋಣೆಯದು ಗಟ್ಟಿ ಜಾಂಬಳ. ನನಗೆ ಖುಷಿಯಾಯಿತು. ಯಾಕೆ ಮುಚ್ಚಿಡಲಿ, ಖುಷಿಯೇ ಆಯಿತು.

ಬಟ್ಟಲು ಹಿಡಿದುಕೊಂಡೇ ಸರ್ ಹತ್ತಿರ ಹೋದೆ.

"ನಾಳೆ ಯಾರರ ಬಂದು ನಮ್ಮ ಫಲಿತಾಂಶ ಕೇಳಿದ್ರ ಏನ್ ತೋರಸೂದು?" ಅಂತ ಸರ್ ಸಿಟ್ಟಾದರು. "ಸಾಕಾತು. ಬರೂ ತಿಂಗಳಿಂದ ಅಂವನ್ನ ಕಳಸಬ್ಯಾಡ್ರಿ ಅಂತ ಏಜೆನ್ಸಿಗೆ ಹೇಳ್ತೇನಿ."

ಕಾಕಾನನ್ನು ಕರೆಸಿದರು. ಕಾಕಾ ಜಾಂಬಳ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಕೊರಳಿನ ಲಿಂಗ ಹಿಡಿದು, "ಇದರ ಆಣಿ, ಆ ಕೋಣ್ಯಾಗ ನಾ ಬೀಡಿ ಹಚ್ಚಿಲ್ಲ್ರಿ" ಅಂದರು. ಅಷ್ಟೇ. ಕಾಲು ಹಿಡಿಯಲಿಲ್ಲ, ಅಳಲಿಲ್ಲ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ದಿನ ನಿಗದಿಯಾಗಿತ್ತು, ಮೊದಲೇ ಕೇಳಿದ್ದ ಒಂದು ವಾರದ ರಜೆಗೆ ಸೋಮವಾರ ಜೇವರ್ಗಿಗೆ ಹೊರಟು ಹೋದರು.

ಆಣೆ ಮಾಡಿದವರನ್ನು ನಾನು ಬೇಗ ನಂಬುವುದಿಲ್ಲ. ಆದರೂ ಏನೋ ಚುಚ್ಚುತ್ತಿತ್ತು. ಒಬ್ಬರ ನೌಕರಿ ಹೋಗುವುದಾದರೆ ಪುರಾವೆಯಲ್ಲಿ ಸೂಜಿ ಹೋಗುವಷ್ಟೂ ಸಂದು ಇರಬಾರದು. ಕಾಕಾ ಇಲ್ಲದ ವಾರದಲ್ಲಿ ಬಟ್ಟಲು ಜಾಂಬಳ ಆಗದೆ ಉಳಿದರೆ ಅವರೇ ಅಂತ ಪಕ್ಕಾ ಆಗುತ್ತದೆ. ಆದರೆ ಬೇರೆ ಯಾರಿಗಾದರೂ ನಕಲಿ ಕೀಲಿ ಕೊಟ್ಟು ಹೋಗಿದ್ದರೆ? ಹೀಗೂ ಯೋಚಿಸಿದೆ ನಾನು. "ಒಂದು ವಾರ ತಡೀರಿ ಸರ್, ಏಜೆನ್ಸಿಗೆ ಆಮ್ಯಾಲ ಹೇಳ್ರಿ" ಅಂದೆ. ತಡೀತೇನಿ ಅಂದರು. ಆಳಂದದ ಪೇಟೆಯಿಂದ ಹೊಸ ಬೀಗ ತಂದು ಹಾಕಿದೆ, ಕೀಲಿ ನನ್ನ ಪರ್ಸಿನಲ್ಲೇ. ಗುರುವಾರ ಚಾಕ್ಕೂ ಹೋಗದೆ, ಒಳಗಿನಿಂದ ಚಿಲಕ ಹಾಕಿಕೊಂಡು, ಹೊಸ ಬಟ್ಟಲು ಮುಂದಿಟ್ಟುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ಅಲುಗಾಡಿತು. ಬಂದನಲ್ಲ ನಕಲಿ ಕೀಲಿಯವನು!

"ಯಾರ್ರಿ ಒಳಗ? ಬೀಗ ಬದಲ್ ಆಗೇದಲ್ಲ?" ಸರ್ ಧ್ವನಿ.

ತೆಗೆದೆ. ಸರ್ ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದುಕೊಂಡು ನಿಂತಿದ್ದರು. ಪಕ್ಕದಲ್ಲಿ ಲೋಬಾನದ ಬಾಬಾ, ಕೆಂಡದ ತಟ್ಟೆ, ನವಿಲುಗರಿ. "ಪ್ರತಿ ಗುರುವಾರ ಕಾಕಾ ತೆಗೀತಿದ್ದ, ಇವತ್ತ ನಾನೇ ಬಂದೆ" ಅಂದು ಸರ್ ಇನ್‌ಕ್ಯುಬೇಟರ್ ಕಡೆ ಕೈ ತೋರಿದರು. "ಅಪ್ಪಾರ ಗಾದಿ ಅಲ್ಲೇ ಇತ್ತು. ಸುತ್ತು ಮುಗಿಯೂದು ಅಲ್ಲೇ ಆಗಬೇಕು."

ಬಾಬಾ ಕೆಂಡದ ಮೇಲೆ ಒಂದು ಹಿಡಿ ಲೋಬಾನ ಉದುರಿಸಿದ. ಬೆಳ್ಳನೆ ಹೊಗೆ ಎದ್ದಿತು. ನವಿಲುಗರಿಯಿಂದ ಅದನ್ನು ಇನ್‌ಕ್ಯುಬೇಟರಿನ ಮೇಲೆ, ಮೂಲೆಗೆ, ಆಮೇಲೆ ನನ್ನ ತಲೆಯ ಮೇಲೆ ಬೀಸಿದ. ನಾನು ಸೆರಗು ತಲೆಗೆ ಎಳೆದು, ಎರಡೂ ಅಂಗೈಯಲ್ಲಿ ಹೊಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಸಣ್ಣವಳಿದ್ದಾಗ ಗುರುವಾರ ಗುರುವಾರ ತಲೆಗೆ ಎರೆದ ಮೇಲೆ ನಾನಿ, ಅಂದರೆ ಅಮ್ಮಿಯ ಅಮ್ಮ, ನನ್ನ ಒದ್ದೆ ಕೂದಲಿಗೆ ಹಿಡಿಯುತ್ತಿದ್ದದ್ದು ಇದೇ ಲೋಬಾನ. ಆ ವಾಸನೆ ಬಂದರೆ ನನಗೆ ಮನೆ ಸ್ವಚ್ಛ ಆಯಿತು ಅನ್ನಿಸುತ್ತದೆ. ಕಣ್ಣಿನಿಂದ ಕೈ ತೆಗೆದೆ. ಬಟ್ಟಲಿನ ಅಂಚಿನಲ್ಲಿ ಬಣ್ಣ ಏರುತ್ತಿತ್ತು.

ನಾನು ಮಿಸುಕಲಿಲ್ಲ. ಬಾಬಾ ಹೋದ, ಸರ್ ಹೋದರು, ನಾನು ಅಲ್ಲೇ ನಿಂತು ಜಾಂಬಳ ಪೂರ್ತಿ ಹರಡುವುದನ್ನು ನೋಡಿದೆ. ಇನ್‌ಕ್ಯುಬೇಟರ್ ಒಳಗೆಳೆಯುವ ಗಾಳಿಗೆ ಸೋಸುಪರದೆ ಇದೆ. ಅದು ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಕೋಣೆಯ ಎಸಿ ಅದೇ ಗಾಳಿಯನ್ನು ರಾತ್ರಿಯಿಡೀ ತಿರುಗಿಸುತ್ತದೆ. ಎಷ್ಟು ಶುಕ್ರವಾರ ಬೆಳಿಗ್ಗೆ ಈ ಕೋಣೆಗೆ ಬಂದು ಲೋಬಾನದ ಕಮ್ಮನೆ ವಾಸನೆಯಲ್ಲೇ ನಿಂತು, ಬೀಡಿ ವಾಸನೆ ಹುಡುಕಿದ್ದೆ ನಾನು! ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು.

ಸರ್ ಒಪ್ಪಲಿಲ್ಲ. "ಲೋಬಾನ ಅಂದ್ರ ಹೊಗಿ ಅಲ್ಲ್ರಿ ಅದು. ಹುಳ ಹುಪ್ಪಡಿ ಹೋಗ್ತಾವ, ಗಾಳಿ ಚೊಕ್ಕ ಆಗ್ತದ. ಅಪ್ಪಾರ ಕಾಲದಿಂದ ನಡದದ."

"ಕೋಶಕ್ಕ ಬೀಡಿ ಯಾವುದು ಲೋಬಾನ ಯಾವುದು ಗೊತ್ತಾಗೂದಿಲ್ಲ ಸರ್. ಕೆಂಡದ ಮ್ಯಾಲ ಏನ್ ಸುಟ್ರೂ ಆಲ್ಡಿಹೈಡ್ ಬರ್ತಾವ."

"ತೋರ್ಸ್ರಿ ಹಂಗಾರ."

ಮರುದಿನ ತೋರಿಸಿದೆ. ಸಿಗರೇಟಿನ ಜಾಗದಲ್ಲಿ ಕೆಂಡದ ಮೇಲೆ ಲೋಬಾನ, ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಅದೇ ಪಂಪು, ಅದೇ ಕೆಂಪು ದ್ರವ. ಮಂಗಳವಾರ ಫ್ರೀಜರಿನಿಂದ ತೆಗೆದು ಮಾಳಿಗೆಯಲ್ಲಿ ಬೇರೆ ಸಣ್ಣ ಬೆಚ್ಚಗಿನ ಡಬ್ಬಿಯಲ್ಲಿ ಬೆಳೆಸಿದ್ದ ಗಟ್ಟಿಮುಟ್ಟು ಕೋಶಗಳನ್ನು ತಂದು, ಅರ್ಧ ತಟ್ಟೆಗಳಿಗೆ ಲೋಬಾನದ ಹೊಗೆನೀರು, ಅರ್ಧಕ್ಕೆ ಬರೀ ದ್ರವ. ಮಧ್ಯಾಹ್ನದ ಹೊತ್ತಿಗೆ ಲೋಬಾನದ ತಟ್ಟೆಗಳಲ್ಲಿ ಗ್ಲುಟಥಯೋನ್ ಇಳಿದಿತ್ತು. ಸಂಜೆಗೆ ನೀಲಿ. ಸರ್ ಸೂಕ್ಷ್ಮದರ್ಶಕದ ಮುಂದೆ ಕೂತರು, ಎದ್ದು ವಿಭೂತಿ ಅಳಿಸುವ ಹಾಗೆ ಹಣೆ ಉಜ್ಜಿಕೊಂಡರು.

"ಕಾಕಾಗ ಫೋನ್ ಮಾಡ್ರಿ ಸರ್, ಬಾ ಅಂತ ಹೇಳ್ರಿ" ಅಂದೆ.

ಸರ್ ಕಿಟಕಿಯ ಕಡೆ ನೋಡಿದರು. "ಏಜೆನ್ಸಿಗೆ ಮೊನ್ನೆನೇ ಹೇಳಿಬಿಟ್ಟೇನಿ."

"ತಡೀತೇನಿ ಅಂದಿದ್ರೆಲ್ಲ ಸರ್!"

"ನೀವೇ ಬಟ್ಟಲ ಹಿಡ್ಕೊಂಡು ಬಂದಿದ್ರಲ್ಲವಾ."

ಮೈ ಉರಿಯಿತು, ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಸರ್ ನನ್ನೆದುರೇ ಏಜೆನ್ಸಿಗೆ ಫೋನ್ ಮಾಡಿ, ತಪ್ಪು ನಮ್ಮದು, ಅವರನ್ನೇ ಕಳಿಸಿರಿ ಅಂದರು. ಏಜೆನ್ಸಿಯವರು, ಬರಬೇಡ ಅಂತ ಅವನಿಗೆ ಹೇಳಿ ಆಗಿದೆ, ಈಗ ಫೋನ್ ಎತ್ತುತ್ತಿಲ್ಲ, ಬೇಕಾದರೆ ನೀವೇ ಕರೆದುಕೊಳ್ಳಿ ಅಂದರು.

ಭಾನುವಾರ ಅಫಜಲಪುರದಿಂದ ಜೇವರ್ಗಿಗೆ ಹೋದೆ. ಇಷ್ಟಾದರೂ ಬಸ್ಸಿನಲ್ಲಿ ನನ್ನ ತಲೆ ಸುಮ್ಮನೆ ಕೂರಲಿಲ್ಲ. ಲೋಬಾನ ಕಾರಣ ಹೌದು, ಆದರೆ ದಿನಾ ಬರುತ್ತಿದ್ದ ಆ ಬೀಡಿ ವಾಸನೆ? ಅದೇನು ಸುಳ್ಳೇ? ಸೇದಿಯೇ ಬರುತ್ತಿದ್ದರಲ್ಲ!

ಕಾಕಾನ ಹೆಂಡತಿ ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಕಾಕಾ ಔಷಧ ತರಲು ಪೇಟೆಗೆ ಹೋಗಿದ್ದರು. ನಾನು ಯಾರೆಂದು ಹೇಳಿದೆ.

"ನೀಲಿ ಹುಳ ತೋರಿಸಿದ ಮೇಡಂ ನೀವೇ ಏನ್ರಿ?" ಅಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ನಿಮಗ ಪುಣ್ಯ ಬರ್ಲಿರಿ. ನಾ ಹೊಯ್ಕೊಂಡ್ರೂ ಬಿಡದ ಮನಷ್ಯಾ, ಅವತ್ತ ಶನಿವಾರ ಸಂಜೀಗೆ ಮನಿಗಿ ಬಂದವರ ಬೀಡಿ ಕಟ್ಟ ತಗದು ಒಲಿಯಾಗ ಹಾಕಿದ್ರು. ಸತ್ತವು ಎದ್ದು ಬರೂದಿಲ್ಲಂತ, ಹೊಸವರ ಹುಟ್ಲಿ ಅಂದ್ರು. ಅವತ್ತಿನಿಂದ ಮುಟ್ಟಿಲ್ಲ್ರಿ. ಆಳಂದದಾಗ ಕೂಡಿ ಇರೂ ಹುಡುಗರೂ ಹೇಳ್ಯಾರ."

ಉಸಿರು ಬಿಡಿಸುವ ನಿಯಮ ತಂದದ್ದು ಅದರ ನಂತರದ ಸೋಮವಾರ. ಹಾಗಾದರೆ ಅಷ್ಟೂ ಬೆಳಿಗ್ಗೆ ನನ್ನ ಮೂಗಿಗೆ ಬಂದದ್ದು ಏನು?

ಅಷ್ಟರಲ್ಲಿ ಕಾಕಾ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ನಡೆದದ್ದೆಲ್ಲ ಹೇಳಿದೆ. ಲೋಬಾನದ ಮಾತಿಗೆ ಅವರಿಗೆ ನಗೆಯೇ ಬಂತು.

"ಪ್ರತಿ ಗುರುವಾರ ನಾನೇ ಬಾಗಲಾ ತೆಗೀತಿದ್ದೆನಲ್ರಿ ಬಾಬಾಗ! ನೀವು ಬೀಡಿ ಕೇಳಿದ್ರಿ. ಲೋಬಾನ ಯಾರು ಕೇಳಿದ್ರು?"

"ಬೀಡಿ ಬಿಟ್ಟೇನಿ ಅಂತರ ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ನಂಬ್ತಿದ್ರೇನ್ರಿ?"

ಇಲ್ಲ. ನಂಬುತ್ತಿರಲಿಲ್ಲ. "ನಾಳೆ ಬರ್ರಿ ಕಾಕಾ, ತಪ್ಪಾತು ನಂದು" ಅಂದೆ. ಚಾ ಕುಡಿದು ಹೋಗ್ರಿ ಅಂದರು.

ಸೋಮವಾರ ಗೇಟಿನಲ್ಲಿ ಅವರ ಸೈಕಲ್ ಕಂಡಾಗ ಹೋದ ಜೀವ ಬಂದಂತಾಯಿತು. ಬಾಬಾ ಇನ್ನು ಮುಂದೆ ಬೇವಿನ ಮರದ ತನಕ ಬಂದರೆ ಸಾಕು ಅಂತ ಸರ್ ಹೇಳಿ ಕಳಿಸಿದ್ದರು. ನಾನು ಕೋಶದ ಕೋಣೆಯ ಬಾಗಿಲಲ್ಲಿ ಹೊಸ ಬೀಗದ ಕೀಲಿ ಹಿಡಿದು ನಿಂತಿದ್ದೆ. ಕಾಕಾ ಕೈ ತೊಳೆದು ಬಂದರು. ಚಪ್ಪಲಿ ಬಿಟ್ಟರು. ನಾನು ಮಾತಾಡುವ ಮೊದಲೇ, ರೂಢಿಯಾಗಿ ಹೋಗಿತ್ತಲ್ಲ, ಹೊಸ್ತಿಲಲ್ಲಿ ನಿಂತು ಬಾಯಿ ತೆಗೆದು ನನ್ನ ಕಡೆ ಹಾ ಅಂತ ಉಸಿರು ಬಿಟ್ಟರು.

ಸುಳ್ಳು ಹೇಳಲಾರೆ. ಅವತ್ತೂ ನನಗೆ ಬೀಡಿ ವಾಸನೆ ಬಂತು.

"ಇನ್ನ ಮ್ಯಾಲ ಇದು ಬ್ಯಾಡ್ರಿ ಕಾಕಾ" ಅಂದು ಕೀಲಿಯನ್ನು ಅವರ ಕೈಯಲ್ಲಿಟ್ಟು ದಾರಿ ಬಿಟ್ಟೆ.